ಮತ್ತೆ ಚುಕ್ಕಿಯಾಗದ ವಿಶ್ವ

೭-೯-೯೮, ಸೋಮವಾರ

ಹಳೇಬೀಡಿನಿಂದ ಒಂಬತ್ತರ ಬಸ್. ಸೀಟು ಸಿಕ್ಕಿತು. ಬೇಲೂರಿನ ಆಫೀಸಿನಲ್ಲಿ ಟಪಾಲು, ಟೀ, ಮತ್ತೆ ಟಪಾಲು. ಊಟದ ಹೊತ್ತಿಗೆ ಪೇಪರ್ ಬಿಡಿಸಿದೆ. ಒಳಪುಟದಲ್ಲಿ ಸಣ್ಣ ಸುದ್ದಿ — ವಿಶ್ವ ಹಿಗ್ಗುತ್ತಲೇ ಇದೆ, ವೇಗವೂ ಹೆಚ್ಚುತ್ತಿದೆ, ಮತ್ತೆ ಕುಗ್ಗುವುದು ಅನುಮಾನ ಅನ್ನುತ್ತಾರಂತೆ ವಿಜ್ಞಾನಿಗಳು. ನೀಟಾಗಿ ಕತ್ತರಿಸಿ ಬ್ಯಾಗಿಗೆ ಹಾಕಿದೆ, ಇವರಿಗೆ ತೋರಿಸೋಣ ಅಂತ.

ಜಿಪ್ ಎಳೆದ ಮೇಲೆ ನೆನಪಾಯಿತು. ಜೂನ್‌ನಲ್ಲಿ ಅರಸೀಕೆರೆ ಸ್ಟೇಷನ್ನಿನಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲೇ ಇಲ್ಲ. ಆಗಲೂ ಅಳು ಬರಲಿಲ್ಲ. ಇವತ್ತೂ ಇಲ್ಲ. ಡಬ್ಬಿ ತೊಳೆದಿಟ್ಟೆ.

೮-೯

ಹೈಸ್ಕೂಲಿನಲ್ಲಿ ಸೈನ್ಸ್ ಹೇಳಿದ್ದು ಸಾಲದು ಅಂತ ಊಟಕ್ಕೆ ಕೂತಾಗಲೂ ಇವರದು ಪಾಠ. "ಎಲ್ಲಾ ಒಂದೇ ಚುಕ್ಕಿಯಿಂದ ಬಂದಿದ್ದು ಕಣೇ. ಅವರ ಕೇರಿ, ನಮ್ಮ ಕೇರಿ, ಎಲ್ಲಾ. ಒಂದಿನ ಮತ್ತೆ ಆ ಚುಕ್ಕಿಗೇ ಬರುತ್ತೆ. ಆಗ ಎಲ್ಲಾರೂ ಒಂದೇ ಕಡೆ." ಮುದ್ದೆ ತಣ್ಣಗಾಗಿ ಕಲ್ಲಾಗುತ್ತಿತ್ತು. ನಾನು ಉಂಡು, ಪಾತ್ರೆ ತೊಳೆದು, ಒಲೆ ಒರೆಸಿ ಬಂದರೂ ಇವರ ತಟ್ಟೆ ಹಾಗೇ.

ಪೇಪರಿನ ಪ್ರಕಾರ ಮತ್ತೆ ಆ ಚುಕ್ಕಿ ಇಲ್ಲ. ದೂರ ಹೋದದ್ದು ಇನ್ನೂ ದೂರ ಹೋಗುತ್ತದೆ, ಅಷ್ಟೆ. ಓದಿ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬೇಕಿತ್ತು...

೧೬-೯

ಅತ್ತೆ ಬೆಳಿಗ್ಗೆಯಿಂದ ನನ್ನ ಸುತ್ತಲೇ ಸುಳಿಯುತ್ತಿದ್ದರು. ಕೊನೆಗೆ ಕೇಳಿಯೇಬಿಟ್ಟರು. "ಅಮಾಸೆಗೆ ಹಿರೀಕರ ಹಬ್ಬ ಕಣವ್ವ. ನಮ್ ಮಧುಂಗೆ ಒಂದ್ ಎಡೆ ಇಕ್ಕಾನ."

ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಮನೆಯಲ್ಲಿ ಎಡೆ ನಿಲ್ಲಿಸಿದ್ದೇ ಇವರು. ಸತ್ತವರು ಬಂದು ಉಣ್ಣಲ್ಲ, ನನಗಂತೂ ಇಡಲೇಬೇಡ ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದರು.

"ಬೇಡ ಅಂದಿದ್ರಲ್ಲ ಅತ್ತೆ."

"ಅವನ್ಗೇನ್ ಗೊತ್ತು? ಹಸ್ಕೊಂಡೇ ಹೋದ ಕಣವ್ವ. ಡಬ್ಬಿ ಬಿಚ್ಚೇ ಇರ್ನಿಲ್ಲ."

ನಿಜ. ಸ್ಟೇಷನ್ನಿನಿಂದ ಬಂದ ಬ್ಯಾಗಿನಲ್ಲಿ ಡಬ್ಬಿ ತುಂಬಿಯೇ ಇತ್ತು. ನಾನೇ ಚೆಲ್ಲಿದ್ದು. ಹೂಂ ಅಂದೆ. ಕೊಟ್ಟ ಮಾತು ಮುರಿದೆ. ಅದಕ್ಕೂ ಏನೂ ಅನ್ನಿಸಲಿಲ್ಲ.

೨೦-೯, ಭಾನುವಾರ ಮಧ್ಯಾಹ್ನ

ಎಡೆ ಇಟ್ಟಾಯಿತು. ಮುದ್ದೆ, ಕೋಳಿ ಸಾರು, ಕ್ರೀಮ್ ಬಿಸ್ಕೆಟ್, ಇಸ್ತ್ರಿ ಮಾಡಿದ ಬಿಳಿ ಶರ್ಟು. ಪೇಪರಿನ ತುಂಡನ್ನೂ ಎಲೆಯ ಪಕ್ಕ ಇಟ್ಟೆ. ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿಕೊಂಡು ಹೊರಗೆ ಬಂದೆವು. ಹಿರೀಕರು ಬಂದು ಉಣ್ಣುವ ತನಕ ಯಾರೂ ಒಳಗಿರಬಾರದು. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ ತೆಗೆಯಬೇಕು. ಜಗಲಿ ಮೇಲೆ ಕೂತು ಬರೆಯುತ್ತಿದ್ದೇನೆ.

ಒಳಗೆ ಯಾರೂ ಇಲ್ಲ. ನನಗೆ ಗೊತ್ತು. ಸೈನ್ಸ್ ಮೇಷ್ಟ್ರ ಹೆಂಡತಿ ನಾನು.

"ಇಷ್ಟೊತ್ಗೆ ಉಂಡಿರ್ತಾನೆ. ಬಾಗ್ಲು ತಗಿಯವ್ವ" ಅಂದರು ಅತ್ತೆ.

ತಡೀರಿ ಅಂದೆ. ಪುಟ ಒದ್ದೆಯಾಗಿ ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಮತ್ತೆ ಹೇಳಿದೆ — ತಡೀರಿ ಅತ್ತೆ, ಇವರ ಊಟ ನಿಧಾನ, ಇನ್ನೂ...