ಎರಡು ತಲೆಯ ಕಪ್ಪುಮೂತಿ

ಸೆಪ್ಟೆಂಬರ್ 28
ಎಲ್ಸ್ಪಾ, ಓದುತ್ತಿರುವುದು ನೀನೇ ಎಂದು ಗೊತ್ತು. ಅಜ್ಜಿಯ ದಿನಚರಿಯಲ್ಲಿ ಮೂಗು ತೂರಿಸಬೇಡ. ಮುಚ್ಚಿಡು. ಒಲೆಯ ಮೇಲೆ ಆಲೂಗಡ್ಡೆ ಸೀಯುತ್ತಿದೆ, ಅದನ್ನು ನೋಡು.
ಮೊಮ್ಮಗಳ ಕ್ಯಾಮೆರಾ ಇವತ್ತು ಕೊಲ್ಲಿಯ ಆಚೆ ದಡದಲ್ಲಿ ನಿಂತು ತಾನೇ ಕತ್ತು ತಿರುಗಿಸುತ್ತಿತ್ತು. ಊರು, ಗುಡ್ಡ, ಸಮುದ್ರದ ಬಂಡೆ — ಎಂಟುನೂರು ಫೋಟೊ. ಕಂಪ್ಯೂಟರ್ ಎಲ್ಲವನ್ನೂ ಒಂದಾಗಿ ಹೊಲಿಯುತ್ತದಂತೆ. ಇವಳಿಗೋ ಒಂದು ಗುಂಡಿ ಹೊಲಿಯಲೂ ಬಾರದು.

ಅಕ್ಟೋಬರ್ 3
ಗುಡ್ಡದಿಂದ ಕುರಿ ಇಳಿಸಿದರು. ನಮ್ಮ ಮುಂದಾಳು ಕುರಿ ಕಪ್ಪುಮೂತಿ ಇಲ್ಲ. ಹಿಮ ಬಿದ್ದಾಗ ಮಂದೆಯನ್ನು ಮರೆಗೆ ಕರೆದೊಯ್ಯುವವಳು ಅವಳೊಬ್ಬಳೇ. ಅವಳಿಲ್ಲದೆ ಮರಿಗಳು ಈ ಚಳಿಗಾಲ ದಾಟುವುದಿಲ್ಲ.
ಪಕ್ಕದ ಮನೆಯ ಹಾನುಸ್ ಟೋಪಿ ತೆಗೆದ. "ಸಮುದ್ರಕ್ಕೆ ಬಿದ್ದಿರ್ಬೇಕು, ಮಾರ್ಯುನಕ್ಕ."
"ಕುಡಿದು ಓಡಾಡೋ ನೀನೇ ಬಿದ್ದಿಲ್ಲ. ಅವಳ್ಯಾಕೆ ಬೀಳ್ತಾಳೆ?"

ಅಕ್ಟೋಬರ್ 5, ಸಂಜೆ
ಎಲ್ಸ್ಪಾ ಆ ಚಿತ್ರವನ್ನು ಇಂಟರ್ನೆಟ್ಟಿಗೆ ಹಾಕಿದ್ದಾಳೆ. ಯಾರು ಬೇಕಾದರೂ ಹಿಗ್ಗಿಸಿ ನೋಡಬಹುದು, ಬೇಕಾದ ಜಾಗದಲ್ಲಿ ಚೀಟಿ ಅಂಟಿಸಬಹುದು. ಹಿಗ್ಗಿಸಿದೆವು... ಕಡಿದಾದ ಬಂಡೆಯ ನಡುವೆ ಹೊರಚಾಚಿದ ಕಿರುಜಾಗದಲ್ಲಿ ಒಂದು ಕುರಿ. ಕಿವಿಯಲ್ಲಿ ನಮ್ಮ ಮನೆಯ ಗುರುತು. ತಲೆ ಮಾತ್ರ ಎರಡು.
"ಹೊಲಿಗೆ ತಪ್ಪಿದೆ ಅಜ್ಜಿ."
"ಹೆಣ ಇರ್ಬೇಕು," ಎಂದ ಹಾನುಸ್. "ಹೆಣಕ್ಕೋಸ್ಕರ ಹಗ್ಗ ಹಿಡಿದು ನಾನು ಇಳೀಲಾ?"

ಅಕ್ಟೋಬರ್ 6
ಚಿತ್ರದಲ್ಲಿ ಕುರಿಯ ಪಕ್ಕ ಒಂದು ಚೀಟಿ. ದ್ವೀಪ ಬಿಟ್ಟು ಕೋಪನ್‌ಹೇಗನ್ ಸೇರಿದ ರಾಕುಲ್ ಅಕ್ಕನದು. ಅಮ್ಮನ ನೂಲುವ ರಾಟೆಯನ್ನು ನಾನು ಕೊಡಲಿಲ್ಲವೆಂದು ಹನ್ನೆರಡು ವರ್ಷ ಮಾತಿಲ್ಲ.
‘ಸತ್ತ ಕುರಿ ಕತ್ತು ತಿರುಗಿಸುತ್ತದೇನೇ ದಡ್ಡಿ? ಒಂದು ಫೋಟೊಕ್ಕೂ ಇನ್ನೊಂದಕ್ಕೂ ನಡುವೆ ತಿರುಗಿಸಿದೆ, ಅದಕ್ಕೇ ಎರಡು ತಲೆ. ಹಿಂದೆ ಅಪ್ಪನ ಕುರಿ ಸಿಕ್ಕಿಕೊಂಡಿದ್ದೂ ಅಲ್ಲೇ. ಹುಲ್ಲಿದೆ, ಬದುಕಿರುತ್ತೆ. ಪಡುವಣದಿಂದ ಇಳೀರಿ.’
ಚಿತ್ರದ ನಮ್ಮ ಅಡುಗೆಮನೆ ಕಿಟಕಿಯ ಮೇಲೂ ಒಂದು ಚೀಟಿ. ‘ರಾಟೆ ಕಾಣುತ್ತೆ. ಧೂಳು ಒರೆಸು.’
ಅಷ್ಟು ದೂರದಿಂದ ನಮ್ಮ ಮನೆಯನ್ನು ಹುಡುಕಿ ಹುಡುಕಿ ನೋಡಿದ್ದಾಳೆ.

ಅಕ್ಟೋಬರ್ 8
ಹಾನುಸ್ ಇಳಿದ. ಪಡುವಣದಿಂದಲೇ. ಕಪ್ಪುಮೂತಿ ಬಡಕಲಾಗಿದ್ದಾಳೆ, ಆದರೂ ಅವನ ಹೊಟ್ಟೆಗೆ ಒದ್ದಳು.
"ಕಾಪಾಡಿದ್ದಕ್ಕೆ ಒದೆ. ನಿಮ್ಮನೆಯೋಳೇ ಬಿಡಿ," ಎಂದ.
ಅವನಿಗೆ ಎರಡು ಸಲ ಬಡಿಸಿದೆ. ಬೈಯಲಿಲ್ಲ. ಅಷ್ಟು ಋಣ ಅವನದು ನನ್ನ ಮೇಲೆ. ಆ ಕ್ಯಾಮೆರಾದ್ದೂ ಇದೆ, ಅದರ ತಪ್ಪು ಹೊಲಿಗೆಯದೂ. ಅಕ್ಕನದು...

ಅಕ್ಟೋಬರ್ 9
ಕಿಟಕಿಯ ಮೇಲೆ ಅಂಟಿಸಲು ಎಲ್ಸ್ಪಾಗೆ ಇದನ್ನು ಕೊಡಬೇಕು. ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ.
ಅಕ್ಕ, ಕುರಿ ಕೊಟ್ಟಿಗೆಯಲ್ಲಿದೆ. ಮೇವು ತಿನ್ನುತ್ತಿದೆ. ರಾಟೆ ಒರೆಸಿದೆ. ನಿನ್ನದೇ ಅದು. ಆದರೆ ಹಡಗಿಗೆ ಹಾಕುವುದಿಲ್ಲ, ನೀನೇ ಬಂದು ತೆಗೆದುಕೋ. ಮಂಚಕ್ಕೆ ಹೊಸ ಹೊದಿಕೆ ಹಾಸಿದ್ದೇನೆ. ನವೆಂಬರ್ ಹುಟ್ಟುವ ಮೊದಲು ಉತ್ತರ ಬರೆ. ಬರೆಯದಿದ್ದರೆ ರಾಟೆಗೆ ಮತ್ತೆ ಧೂಳು ಹಿಡಿಯಲು ಬಿಡುತ್ತೇನೆ.