ಬೆಳಕಿಂಡಿಯ ಕಲ್ಲು

ಕಾನಹೊಸಹಳ್ಳಿ
20-11-1998

ಅವ್ವನಿಗೆ ಪುಷ್ಪಲತಾ ಮಾಡುವ ನಮಸ್ಕಾರ.

ನಾವೆಲ್ಲ ಆರಾಮ. ಬರುವ ಸೋಮವಾರ ನಮ್ಮವರು ನನ್ನನ್ನು ಹೆರಿಗೆಗೆ ಊರಿಗೆ ಕರೆತರುತ್ತಾರೆ. ನೀನಾಗಲೇ ಬಾಣಂತಿ ಕೋಣೆಯನ್ನು ಬೆಚ್ಚಗೆ ಮಾಡಿಟ್ಟಿದ್ದೀಯಂತೆ. ಕಿಟಕಿಗೆ ಗೋಣಿತಟ್ಟು ಹೊಡೆಸಿ, ಹೊಸ ಕಂಬಳಿ ಕೊಂಡು, ಇದ್ದಿಲ ಚೀಲ ತರಿಸಿದ್ದೀಯೆಂದು ತಮ್ಮ ಹಂಪೇಶ ಹೇಳಿದ.

ಕಂಬಳಿ ಇರಲಿ, ಅವ್ವ. ಇದ್ದಿಲನ್ನು ಮಾತ್ರ ನೀರೊಲೆಗೆ ಹಾಕು, ಈ ಸಲ ನನ್ನ ಮಂಚದ ಕೆಳಗೆ ಕೆಂಡ ಇಡಬೇಡ. ಹೋದ ಹೆರಿಗೆಯಲ್ಲಿ ಮಾಳಿಗೆಯ ಬೆಳಕಿಂಡಿಗೆ ಮುಚ್ಚಿದ ಕಲ್ಲು ಇನ್ನೂ ಹಾಗೇ ಇದ್ದರೆ ಹಂಪೇಶನ ಕೈಲಿ ತೆಗೆಸು.

"ಹಸಿ ಬಾಣಂತಿಗೆ ಗಾಳಿ ತಾಕಿದ್ರ ಸನ್ನಿ ಆಕ್ಕತಿ" ಎಂದು ಬೈಯುತ್ತೀಯ, ಗೊತ್ತು. ಆದರೆ ಇಲ್ಲಿಯ ನರ್ಸಮ್ಮ, "ಮುಚ್ಚಿದ ಕೋಣ್ಯಾಗ ಕೆಂಡ ಇಟ್ರ ಕೂಸಿಗೆ ಉಸುರು ಕಟ್ಟತೈತಿ" ಅಂದರು. ಅವರು ಎಲ್ಲ ಬಸುರಿಯರಿಗೂ ಹೀಗೆಯೇ ಹೇಳುತ್ತಾರೆ. ನನಗೆಂದೇ ಹೇಳಿದ್ದಲ್ಲ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮೊದಲ ಕೂಸು ಆ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ ತಣ್ಣಗಾಗಿದ್ದಕ್ಕೆ ಯಾರದೋ ಕಣ್ಣು ಬಿದ್ದದ್ದೇ ಕಾರಣ ಎಂದು ನೀನು ಇವತ್ತಿಗೂ ಎಲ್ಲರಿಗೂ ಹೇಳುತ್ತೀಯ. ಅದು ಹಾಗೆಯೇ ಇರಲಿ. ಯಾರಾದರೂ ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ.

ಬರುವಾಗ ಬಳ್ಳೊಳ್ಳಿ, ಅಜವಾನ ನಾನೇ ತರುತ್ತೇನೆ. ನಿನ್ನ ಹಾಸಿಗೆಯನ್ನೂ ಅದೇ ಕೋಣೆಗೆ ತಂದುಕೋ. ಕೂಸಿನ ಆಚೆ ಬದಿಗೆ ನೀನು, ಈಚೆ ಬದಿಗೆ ನಾನು ಮಲಗಿದರೆ ಅದಕ್ಕೆ ಸಾಕಷ್ಟು ಬೆಚ್ಚಗಾಗುತ್ತದೆ. ನನಗೆ ಮಾತ್ರ, ಕಣ್ಣು ಮುಚ್ಚುವ ಮುಂಚೆ ಬೆಳಕಿಂಡಿಯಲ್ಲಿ ಒಂದಾದರೂ ಚುಕ್ಕಿ ಕಾಣಬೇಕು.

ನಿನ್ನ ಮಗಳು,
ಪುಷ್ಪಲತಾ