ಲಗ್ನಪತ್ರಿಕೆಯ ಕಾರ್ಡುಗಳು

3 ಫೆಬ್ರವರಿ 2003, ಸಂಜೆ 6.30

ಇವತ್ತು ಒಂಬತ್ತು ಕಾರ್ಡು ಕತ್ತರಿಸಿದೆ. ಹಳೇ ಲಗ್ನಪತ್ರಿಕೆಗಳು — ದಪ್ಪ ಕಾಗದ, ಹಿಂಬದಿ ಖಾಲಿ. ಅಮ್ಮ ಗೊಣಗಿದಳು: "ಅರಿಶಿನ ಹಚ್ಚಿರೋ ಪತ್ರಿಕೆಗೆ ಕತ್ತರಿ ಹಾಕ್ತಾರೇನೆ? ಅವರ ಸಂಸಾರ ಏನಾಗ್ಬೇಕು?" ಅವರಿಗೆ ಮಗು ಕೂಡ ಆಯ್ತಮ್ಮ ಅಂದೆ.

ಒಂದು ಕಾರ್ಡಿಗೆ ಫ್ಯಾಕ್ಟರಿಯ ಒಂದೇ ಮಷಿನ್ ರಿಪೇರಿ. ಏನಾಯಿತು, ಯಾರು ಹೇಗೆ ಸರಿಮಾಡಿದರು. ಸ್ಟೋರ್ಸ್‌ನಲ್ಲಿದ್ದಾಗಿನಿಂದ ಬರೆದದ್ದು, ಒಟ್ಟು ಇನ್ನೂರ ಹದಿನಾಲ್ಕು. ಮಷಿನ್ ನಂಬರ್ ಪ್ರಕಾರ ಬಿಸ್ಕತ್ ಡಬ್ಬದಲ್ಲಿ ಜೋಡಿಸಿಟ್ಟಿದ್ದೇನೆ.

ಮೆಂಟೆನೆನ್ಸ್‌ನಲ್ಲಿ ಮೂರು ತಿಂಗಳ ಟ್ರಯಲ್. ಮಾರ್ಚ್ 31ಕ್ಕೆ ಮುಗಿಯುತ್ತದೆ. ಒಪ್ಪಿಗೆಯಾಗದಿದ್ದರೆ ಮತ್ತೆ ಸ್ಟೋರ್ಸ್. ಡಿಪ್ಲೊಮಾ ಓದಿದ್ದು ನಟ್ಟು ಬೋಲ್ಟು ಹಂಚುವುದಕ್ಕಲ್ಲ.

19 ಫೆಬ್ರವರಿ

ಮಾನ ಹೋಯಿತು. ಡ್ರಿಲ್ಲಿಂಗ್ ಮಷಿನ್ ನಿಂತಿತ್ತು. ಮ್ಯಾನೇಜರ್ ಚನ್ನಕೇಶವ ಸರ್ ಎದುರಿಗೇ "ಇದಕ್ಕೆ ಕಾರ್ಡ್ ಇದೆ ಸರ್" ಅಂದುಬಿಟ್ಟೆ. ಇದ್ದದ್ದು ನಿಜ. ಸಿಗಲಿಲ್ಲ. ಹೊಸ ಶೆಡ್‌ಗೆ ಬಂದ ಮೇಲೆ ಎಲ್ಲ ಮಷಿನ್‌ಗೂ ಹೊಸ ನಂಬರ್. ಕಾರ್ಡುಗಳಲ್ಲಿ ಹಳೇ ನಂಬರ್. ಈಗಿನ ಹದಿನಾಲ್ಕು ಆಗ ಯಾವುದು... ಇಪ್ಪತ್ತು ನಿಮಿಷ ಕೆದಕಿದೆ.

"ಮದುವೆ ಮನೆ ಸಡಗರ ಮುಗೀತೇನಮ್ಮ ಶ್ರೀವಿದ್ಯಾ? ಏಪ್ರಿಲ್‌ನಿಂದ ಸ್ಟೋರ್ಸ್‌ನಲ್ಲಿ ನಿಧಾನಕ್ಕೆ ಹುಡುಕುವಿಯಂತೆ" ಅಂದರು. ಫಿಟ್ಟರುಗಳು ನಕ್ಕರು. ನಾನೂ ಹಲ್ಲು ಕಿರಿದೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ.

20 ಫೆಬ್ರವರಿ

ಕ್ಯಾಂಟೀನಿನಲ್ಲಿ ಮುನಿಶಾಮಣ್ಣ ಪಕ್ಕ ಬಂದು ಕುಳಿತರು. ಇಪ್ಪತ್ತೆರಡು ವರ್ಷ ತಗಡು ಒತ್ತುವ ಪ್ರೆಸ್ ಓಡಿಸಿದವರು, ಏಪ್ರಿಲ್‌ಗೆ ರಿಟೈರ್.

"ನಂಬರ್ ಯಾವನಿಗೆ ಬೇಕು ಕಣಮ್ಮ. ಹಸ ಮೇವು ಬಿಟ್ರೆ ಕೊಂಬು ಎಣಿಸ್ತಾರಾ? ಏನಾಯ್ತು ಅಂತ ತಾನೆ ಕೇಳೋದು. ಮಿಷನ್ನೂ ಅಂಗೇಯ. ಸದ್ದು ಮಾಡ್ತಾ, ನಾತ ಬಂತಾ, ಕಾಯ್ತಾ, ಸೋರ್ತಾ... ಅಷ್ಟೇಯ."

ನಾಲ್ಕೇ ನಾಲ್ಕು. ಊಟ ಅರ್ಧಕ್ಕೇ ಬಿಟ್ಟು ಎದ್ದೆ.

9 ಮಾರ್ಚ್

ಇಷ್ಟು ದಿನ ಇಲ್ಲಿ ಬರೆಯಲು ಪುರಸೊತ್ತಿಲ್ಲ. ಎಲ್ಲ ಕಾರ್ಡೂ ಹೊಸದಾಗಿ ಜೋಡಿಸಿದೆ — ಸದ್ದು, ವಾಸನೆ, ಬಿಸಿ, ಸೋರಿಕೆ. ಮುನಿಶಾಮಣ್ಣ ಟೀ ಹೊತ್ತಿನಲ್ಲಿ ಹಳೆಯದನ್ನೆಲ್ಲ ನೆನೆದು ಹೇಳುತ್ತಾರೆ. ಕನ್ನಡ, ನಡುವೆ ತೆಲುಗು, ಬೈಗುಳ ಮಾತ್ರ ತಮಿಳು. ಹೇಳಿದ ಹಾಗೇ ಬರೆದುಕೊಳ್ಳುತ್ತೇನೆ, ಬೈಗುಳ ಬಿಟ್ಟು.

ಕತ್ತರಿ ಈಗ ಅಮ್ಮನ ಕೈಯಲ್ಲೇ. ಗಣಪತಿ ಇರುವ ತುಂಡು ಮಾತ್ರ ದೇವರ ಮನೆಗೆ.

25 ಮಾರ್ಚ್, ಸಂಜೆ 4

ನಾಳೆ ಕಸ್ಟಮರ್ ಆಡಿಟ್, ಮಾಲು ಕೊಳ್ಳುವವರ ತಪಾಸಣೆ. ಇವತ್ತೇ ದೊಡ್ಡ ಪ್ರೆಸ್ ಕೈಕೊಟ್ಟಿತು. ಬೆಳಿಗ್ಗೆ ಸರಿಯಿತ್ತು, ಹನ್ನೊಂದರ ಮೇಲೆ ಎಣ್ಣೆಯ ಪ್ರೆಷರ್ ಇಳಿಯಿತು. ಮುನಿಶಾಮಣ್ಣ ರಜೆ, ಸೂಳಗಿರಿಯಲ್ಲಿ ನೆಂಟರ ಮದುವೆ. ಪಂಪ್ ಬಿಚ್ಚಿ ಅಂದರು ಸರ್. ಬಿಚ್ಚಿದರೆ ಒಂದೂವರೆ ದಿನ.

ಹತ್ತಿರ ಹೋಗಿ ಕಿವಿಗೊಟ್ಟೆ. ಸುಂಯ್ ಅನ್ನುತ್ತಿತ್ತು. 'ಸದ್ದು' ತೆಗೆದೆ. ಒಂದೇ ನಿಮಿಷ. ಸಿಕ್ಕಿತು: "ಕಾದ ಮೇಲೆ ಹಾಲು ಉಕ್ಕೋ ಮುಂಚಿನ ಸದ್ದು. ಪಂಪ್ ಮುಟ್ಟಬ್ಯಾಡ. ರಿಲೀಫ್ ವಾಲ್ವ್ ಬಿಚ್ಚಿ ಕಸ ತೆಗಿ."

"ಅರ್ಧ ಗಂಟೆ ಕೊಡಿ ಸರ್." ಸರ್ ಗಡಿಯಾರ ನೋಡಿ ಹೂಂ ಅಂದರು.

ಫಿಟ್ಟರ್ ನರೇಶ್ ಬಿಚ್ಚಿದ. ವಾಲ್ವಿನಲ್ಲಿ ಸಾಸಿವೆ ಕಾಳಿನಷ್ಟು ಕಬ್ಬಿಣದ ಚೂರು, ಅದು ಪೂರ್ತಿ ಮುಚ್ಚದೆ ಪ್ರೆಷರ್ ಹೊರಹೋಗುತ್ತಿತ್ತು. ತೆಗೆದು, ತೊಳೆದು, ಕೂರಿಸಿದೆವು. ಗಂಟೆಗಟ್ಟಲೆ ಓಡಿಸಿ ನೋಡಿದೆವು. ಪ್ರೆಷರ್ ಅಲ್ಲಾಡಲಿಲ್ಲ.

ಗೆದ್ದೆ. ಗೆದ್ದೆ ಕಣೇ ಶ್ರೀವಿದ್ಯಾ. ನರೇಶ್ ಹೇಳುತ್ತಾನೆ, "ಮದ್ವೆ ಊಟ ಯಾವಾಗ ಹಾಕ್ಸ್ತೀರಾ ಮೇಡಂ?" ಫೆಬ್ರವರಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಇವನೇ.

31 ಮಾರ್ಚ್

ಕನ್ಫರ್ಮೇಶನ್ ಲೆಟರ್ ಬಂತು. ಮೂರು ಸಲ ಓದಿದೆ. ಸರ್ ಒಂದು ಕಟ್ಟು ತಂದು ಮುಂದಿಟ್ಟರು. "ಮಗಳ ಮದುವೇಲಿ ಮಿಕ್ಕಿದ ಪತ್ರಿಕೆ. ಇನ್ನೂರಿದೆ. ಸಾಕೇನಮ್ಮ?"

ಸಾಕು ಸರ್ ಅಂದೆ. ಆಮೇಲೆ, ಸಾಲದು ಸರ್ ಅಂದೆ.

30 ಏಪ್ರಿಲ್, ಮಧ್ಯಾಹ್ನ 3.10

ಮುನಿಶಾಮಣ್ಣನಿಗೆ ಹಾರ ಹಾಕಿ ಕಳಿಸಿದೆವು. ಹೋಗುವಾಗ ಒಂದು ಕಾರ್ಡು ಕೊಟ್ಟರು. ಅವರೇ ಕೈಯಾರೆ ಬರೆದದ್ದು, ತೆಲುಗಿನಲ್ಲಿ. ನನಗೆ ಓದಲು ಬರುವುದಿಲ್ಲ. ನರೇಶ್ ಓದಿ ಹೇಳಿದ: "ಏನು ಅಂತ ತಿಳೀದಿದ್ರೆ ವಿದ್ಯಮ್ಮನ್ನ ಕೇಳಿ."

ಎಲ್ಲಿಡಲಿ ಇದನ್ನು? ಸದ್ದಲ್ಲ, ವಾಸನೆಯಲ್ಲ... ಡಬ್ಬದಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟೆ.

ಫೋನ್. ಮೂರನೇ ಪ್ರೊಡಕ್ಷನ್ ಲೈನಿನವರು. ಮಷಿನ್ ನಂಬರ್ ಹೇಳಲು ಹೊರಟರು, ಅದಿರಲಿ, ಏನಾಯ್ತು ಹೇಳಿ ಅಂದೆ. ಸುಟ್ಟ ವಾಸನೆಯಂತೆ. ಹೊರಟೆ, ಡಬ್ಬ ಕೈಯಲ್ಲಿ—